ಹಳೇ ಅಚ್ಚಿನ ಪುಸ್ತಕ ಕೈಗೆ ಬಂದರೆ ಮೊದಲು ಏನು ನೋಡಬೇಕು

ಮುಂಬೈನಲ್ಲಿದ್ದು ಶತಮಾನಗಳಷ್ಟು ಹಳೇ ಅಚ್ಚಿನ ಪುಸ್ತಕ ನೋಡುವ ಆಸೆಯಿದ್ದರೆ ಫೋರ್ಟ್‌ನ ಟೌನ್ ಹಾಲ್‌ಗೆ, ಅಂದರೆ ಏಷ್ಯಾಟಿಕ್ ಸೊಸೈಟಿಗೆ ಹೋಗಿ. 1804ರಲ್ಲಿ ಶುರುವಾದ ಸಂಸ್ಥೆ. ಆದರೆ ಸುಮ್ನೆ ಮೆಟ್ಟಿಲು ಹತ್ತಿ ಹೋದರೆ ಪ್ರಯೋಜನವಿಲ್ಲ, ಯಾವ ಪುಸ್ತಕ, ಏಕೆ ಬೇಕು ಅಂತ ಮೊದಲೇ ಬರೆದು ಕೇಳಿ.

ಡೊಂಬಿವಲಿಯಿಂದ ಲೋಕಲ್‌ನಲ್ಲಿ ಕಂಬಿ ಹಿಡಿದು ನಿಂತು ಬಂದ ಕೈ ಅಲ್ವಾ, ಸೋಪು ಹಾಕಿ ತೊಳೆದು ಪೂರ್ತಿ ಒಣಗಿಸಿಕೊಳ್ಳಿ. ಸಿನಿಮಾದಲ್ಲಿ ತೋರಿಸುವ ಬಿಳಿ ಗ್ಲೌಸ್ ಬೇಡ. ಬಟ್ಟೆ ಹಾಕಿದ ಬೆರಳಿಗೆ ಹಾಳೆಯ ಅಂಚು ಗೊತ್ತಾಗುವುದಿಲ್ಲ, ಹರಿಯುವ ಸಾಧ್ಯತೆಯೇ ಜಾಸ್ತಿ. ಪೆನ್ನು ಬ್ಯಾಗಿನಲ್ಲೇ ಇರಲಿ, ಪೆನ್ಸಿಲ್ ಸಾಕು.

ಪುಸ್ತಕವನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಬಿಚ್ಚಬೇಡಿ. ಎರಡೂ ಕಡೆ ಫೋಮ್ ದಿಂಬು ಕೊಟ್ಟು, ಅದು ತಾನಾಗಿ ಎಷ್ಟು ತೆರೆಯುತ್ತದೋ ಅಷ್ಟೇ ತೆರೆಯಿರಿ. ಬೆನ್ನಿನ ಮೇಲೆ ಅಡ್ಡಡ್ಡ ಉಬ್ಬು ಗೆರೆಗಳಿರುತ್ತವೆ, ಸಾಮಾನ್ಯವಾಗಿ ಅದರೊಳಗೆ ಹಾಳೆಗಳ ಕಟ್ಟನ್ನು ಹೊಲಿದು ಹಿಡಿದ ಹುರಿ ಇರುತ್ತದೆ. ಕೆಲವೊಮ್ಮೆ ಬರೀ ಅಂದಕ್ಕೆ ಅಂಟಿಸಿದ ಉಬ್ಬೂ ಇರಬಹುದು.

ಎಲ್ಲರೂ ಮರುಳಾಗುವುದು ರಟ್ಟಿನ ಚರ್ಮದ ಮೇಲಿನ ಚಿನ್ನದ ಬಳ್ಳಿಗೆ. ಚೆಂದ ನಿಜ, ಆದರೆ ಅದರಿಂದ ಪುಸ್ತಕದ ವಯಸ್ಸು ಹೇಳಲು ಹೋಗಬೇಡಿ. ಆಗಿನ ಕಾಲದಲ್ಲಿ ಎಷ್ಟೋ ಪುಸ್ತಕಗಳು ಬರೀ ಹಾಳೆಗಳಾಗಿ ಮಾರಾಟವಾಗುತ್ತಿದ್ದವು, ಕೊಂಡವನು ತನ್ನ ಜೇಬು ನೋಡಿಕೊಂಡು ರಟ್ಟು ಹಾಕಿಸುತ್ತಿದ್ದ, ಇನ್ನೂರು ವರ್ಷ ಬಿಟ್ಟು ಇನ್ಯಾವನೋ ಸಾಹುಕಾರ ಅದನ್ನು ಕಿತ್ತು ಹೊಸದು ಹಾಕಿಸಿರುತ್ತಾನೆ. ಅಚ್ಚಿನ ಊರು, ವರ್ಷ ಬೇಕಾದರೆ ಮೊದಲ ಪುಟ ನೋಡಿ, ಅಲ್ಲಿಲ್ಲದಿದ್ದರೆ ಕೊನೆಯ ಪುಟ. 1500ಕ್ಕಿಂತ ಹಿಂದಿನವುಗಳಲ್ಲಿ ಹೆಚ್ಚಾಗಿ ಕೊನೆಯಲ್ಲೇ ಇರುತ್ತದೆ.

ಪುಟಗಳೆಲ್ಲ ಇವೆಯಾ? ಪುಟದ ಬುಡ ನೋಡಿ. ಅನೇಕ ಪುಸ್ತಕಗಳಲ್ಲಿ ಕೆಳಗೆ ಬಲಗಡೆ ಒಂಟಿ ಪದವೊಂದು ನಿಂತಿರುತ್ತದೆ. ಮುಂದಿನ ಪುಟ ಅದೇ ಪದದಿಂದ ಶುರುವಾಗಬೇಕು, ಆಗದಿದ್ದರೆ ಹಾಳೆ ಹೋಗಿರಬಹುದು. ಅಲ್ಲೇ ಎ, ಎ2, ಎ3 ಅಂತ ಹಾಳೆಗಳ ಕಟ್ಟಿನ ಗುರುತೂ ಇರುತ್ತದೆ, ಮುಂದಿನ ಕಟ್ಟಿಗೆ ಬಿ, ಆಮೇಲೆ ಸಿ. ಐ ಆದಮೇಲೆ ನೇರ ಕೆ ಬಂದರೆ ಗಾಬರಿಯಾಗಬೇಡಿ, ಆ ಲೆಕ್ಕದಲ್ಲಿ ಐ–ಜೆ ಒಂದೇ ಅಕ್ಷರ, ಯು–ವಿ ಕೂಡ ಒಂದೇ.

ತಪ್ಪು–ಒಪ್ಪುಗಳ ಪಟ್ಟಿಯನ್ನೂ ಬಿಡಬೇಡಿ. ಗಾರ್ಸಿಯಾ ದ ಓರ್ತಾ, ಮುಂಬೈ ದ್ವೀಪವನ್ನೇ ಗುತ್ತಿಗೆ ಹಿಡಿದಿದ್ದ ವೈದ್ಯ, 1563ರಲ್ಲಿ ಗೋವಾದಲ್ಲಿ ಅಚ್ಚು ಹಾಕಿಸಿದ ಔಷಧಿಗಳ ಪುಸ್ತಕದಲ್ಲಿ ಈ ಪಟ್ಟಿಯೇ ಪುಟಗಟ್ಟಲೆ ಇದೆ. ಪ್ರೂಫ್ ನೋಡುವವರ ಗೋಳು ಇವತ್ತಿನದಲ್ಲ ಬಿಡಿ.

ರಟ್ಟಿನ ಚರ್ಮ ಕೆಂಪು ಪುಡಿಯಾಗಿ ಕೈಗೆ ಅಂಟಿದರೆ ಒರೆಸಲು, ಊದಲು ಹೋಗಬೇಡಿ. ಹಾಗೇ ಇಟ್ಟು ಸಿಬ್ಬಂದಿಗೆ ಹೇಳಿ, ಕೈ ತೊಳೆದು ಬಂದು ಮುಂದಿನ ಪುಸ್ತಕ ಮುಟ್ಟಿ.