ಮೇಯುವ ಹಕ್ಕಿಯ ಬಗ್ಗೆ ಬರೆಯುವುದು

ವಲಸೆ ಹಕ್ಕಿಗಳ ಬಗ್ಗೆ ಬರೆಯಲು ಕೂತರೆ ಮೊದಲು ಕೈಗೆ ಸಿಗುವುದು ಕಿಲೋಮೀಟರ್ ಲೆಕ್ಕ. 2022ರ ಅಕ್ಟೋಬರ್‌ನಲ್ಲಿ ಪಟ್ಟೆಬಾಲದ ಗಾಡ್ವಿಟ್ ಅನ್ನುವ ಉದ್ದ ಕೊಕ್ಕಿನ ದಡದ ಹಕ್ಕಿಯೊಂದು ಅಲಾಸ್ಕಾದಿಂದ ಹೊರಟು ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ಇಳಿಯಿತು. 11 ದಿನ, ಸುಮಾರು 13,560 ಕಿ.ಮೀ., ನಡುವೆ ಎಲ್ಲೂ ಇಳಿದಿಲ್ಲ. ಬೆನ್ನಿಗೆ ಕಟ್ಟಿದ್ದ ಪುಟ್ಟ ಉಪಗ್ರಹ ಟ್ಯಾಗ್‌ನಿಂದ ಗೊತ್ತಾದ ಸಂಗತಿ. ಆ ಹಕ್ಕಿಗೆ ಆಗ ಸುಮಾರು ಐದು ತಿಂಗಳು!

ಓದಿದವರು ಅಬ್ಬಾ ಅನ್ನುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಅದಕ್ಕೇ ನಾನು ಹಾರಾಟವನ್ನು ಆಮೇಲಕ್ಕೆ ಇಟ್ಟುಕೊಳ್ಳುತ್ತೇನೆ. ಮೊದಲು ಬರೆಯುವುದು ಅದರ ಹೊಟ್ಟೆಯ ವಿಷಯ.

ಹೊರಡುವ ಮುಂಚೆ ಗಾಡ್ವಿಟ್ ಅಲಾಸ್ಕಾದ ಕೆಸರು ದಡದಲ್ಲಿ ಹುಳು, ಚಿಪ್ಪುಜೀವಿಗಳನ್ನು ತಿಂದು ತಿಂದು ಊದಿಕೊಳ್ಳುತ್ತದೆ. ಮೈತೂಕದಲ್ಲಿ ಅರ್ಧದಷ್ಟು ಬರೀ ಕೊಬ್ಬು. ಅದೇ ಹೊತ್ತಿಗೆ ಒಳಗಿನ ಕರುಳು, ಪಿತ್ತಜನಕಾಂಗ, ಮೂತ್ರಪಿಂಡ ಎಲ್ಲ ಚಿಕ್ಕದಾಗಿರುತ್ತವೆ. ದಾರಿಯಲ್ಲಿ ಊಟವೇ ಇಲ್ಲದ ಮೇಲೆ ಅಷ್ಟು ದೊಡ್ಡ ಕರುಳನ್ನು ಸುಮ್ನೆ ಯಾಕೆ ಹೊರಬೇಕು, ಅಲ್ವಾ? ಇದು ಬಾತಿನ ಹಾಗೆ ಕಡಲ ಮೇಲೆ ಕೂತು ದಣಿವಾರಿಸಿಕೊಳ್ಳುವ ಹಕ್ಕಿಯೂ ಅಲ್ಲ. ಬಿರುಗಾಳಿಯೊಂದು ದಾಟಿ, ಅದರ ಬೆನ್ನಿಗೆ ಬಡಗಣ ಗಾಳಿ ಬೀಸುವವರೆಗೆ ಕಾಯುತ್ತದೆ. ಆ ಗಾಳಿಯ ಜೊತೆಗೇ ಹೊರಡುತ್ತದೆ. ಇಷ್ಟು ಹೇಳಿದ ಮೇಲೆ 13,560 ಅಂತ ಬರೆದರೆ ಅದಕ್ಕೊಂದು ತೂಕ ಬರುತ್ತದೆ.

ಇದೆಲ್ಲ ಓದಿ ತಿಳಿದದ್ದು. ಕಣ್ಣಾರೆ ಕಾಣಲು ಕೆಸರು ದಡಕ್ಕೇ ಹೋಗಬೇಕು. ನೀರು ಏರುವ ಮುಂಚೆ ಟೆಲಿಸ್ಕೋಪ್ ಇಟ್ಟುಕೊಂಡು ಕೂರುತ್ತೇನೆ. ಗುಂಪು ಎಣಿಸುವ ಕೆಲಸ ನನ್ನದಲ್ಲ, ಅದನ್ನು ಚೆನ್ನಾಗಿ ಮಾಡುವವರಿದ್ದಾರೆ. ನಾನು ಒಂದೇ ಹಕ್ಕಿಯ ಮೇಲೆ ಕಣ್ಣಿಟ್ಟು ನೋಡುತ್ತೇನೆ. ಉದ್ದನೆ ಕೊಕ್ಕು, ತುದಿ ತುಸು ಮೇಲಕ್ಕೆ ಬಾಗಿದ್ದು. ಅದನ್ನು ಬುಡದವರೆಗೂ ಕೆಸರಿಗೆ ತೂರಿಸುತ್ತದೆ, ಮುಖವೇ ಒದ್ದೆ. ಹುಳು ಸಿಕ್ಕರೆ ಎಳೆದು ನುಂಗಿ, ಎರಡು ಹೆಜ್ಜೆ ಇಟ್ಟು ಮತ್ತೆ ಅದೇ ಕೆಲಸ.

ನಂತರ ಬೆನ್ನಿನ ಗರಿ ನೋಡುತ್ತೇನೆ. ದೊಡ್ಡ ಹಕ್ಕಿಗಳ ಹಳೇ ಗರಿ ಸವೆದು ಅಂಚು ಹರಿದಿರುತ್ತದೆ. ಅದೇ ವರ್ಷ ಹುಟ್ಟಿದ ಮರಿಯ ಗರಿಗಳು ಹೊಸವು, ಒಂದೊಂದಕ್ಕೂ ತಿಳಿ ಬಣ್ಣದ ಅಂಚು. ಅಂಥದ್ದು ಕಂಡರೆ ಆವತ್ತಿನ ಟಿಪ್ಪಣಿ ಪೂರ್ತಿ ಅದರದ್ದೇ. ಮೊದಲ ಸಲ ಇಷ್ಟು ದೂರ ಬಂದಿದೆ ಅನ್ನುವುದು ಆ ಅಂಚಿನಿಂದಲೇ ಗೊತ್ತಾಗುತ್ತದೆ. ಅದಕ್ಕೆ ಧೈರ್ಯ, ಹಂಬಲ ಅಂತೆಲ್ಲ ನಾನು ಅಂಟಿಸುವುದಿಲ್ಲ. ಗರಿ ಸಾಕು.

ವಾಪಸ್ ಹೋಗುವ ದಾರಿಯನ್ನು ಬರೆಯದೆ ಬಿಡುವವರೇ ಜಾಸ್ತಿ. ನನಗೆ ಅದೇ ಮುಖ್ಯ ಭಾಗ. ನ್ಯೂಜಿಲೆಂಡ್, ಆಸ್ಟ್ರೇಲಿಯಾದಿಂದ ಉತ್ತರಕ್ಕೆ ಹೊರಟ ಗಾಡ್ವಿಟ್‌ಗಳು ಚೀನಾ, ಕೊರಿಯಾಗಳ ನಡುವಿನ ಹಳದಿ ಸಮುದ್ರದ ದಡದಲ್ಲಿ ಇಳಿದು ವಾರಗಟ್ಟಲೆ ಮೇಯುತ್ತವೆ. ಆ ಕೆಸರು ದಡಗಳನ್ನೇ ಗೋಡೆ ಕಟ್ಟಿ ಒಣಗಿಸುತ್ತಾ ಬಂದಿದ್ದಾರೆ. ದಕ್ಷಿಣ ಕೊರಿಯಾದ ಸೇಮಾಂಗಮ್‌ನಲ್ಲಿ 2006ರಲ್ಲಿ ಅಡ್ಡಗಟ್ಟಿದ ಗೋಡೆ ಸುಮಾರು 33 ಕಿ.ಮೀ. ಉದ್ದ. ಗಾಡ್ವಿಟ್ ಬಗ್ಗೆ ಬರೆಯುವಾಗ ಈ ಗೋಡೆಗೆ ಕಡಲು ದಾಟುವುದಕ್ಕೆ ಕೊಟ್ಟಷ್ಟೇ ಜಾಗ ಕೊಡುತ್ತೇನೆ.