ಒಂಟಿ ಜೇನಿಗೆ ಬಿದಿರಿನ ಮನೆ

ಗುಲಾಬಿ ಎಲೆಯ ಅಂಚನ್ನು ಯಾರೋ ದುಂಡಗೆ ಕತ್ತರಿಸಿಕೊಂಡು ಹೋದ ಹಾಗಿದೆಯಾ? ಔಷಧಿ ಹೊಡೆಯಲು ಓಡಬೇಡಿ. ಅದು ಎಲೆ ಕತ್ತರಿಸುವ ಜೇನಿನ ಕೆಲಸ. ಎಲೆ ತಿನ್ನಲು ಅಲ್ಲ, ಮೊಟ್ಟೆ ಇಡುವ ಕೋಣೆಗೆ ಗೋಡೆ ಮಾಡಲು. ಈ ಜೇನುಗಳಿಗೆ ರಾಣಿಯಿಲ್ಲ, ತುಪ್ಪ ತುಂಬಿದ ಹುಟ್ಟೂ ಇಲ್ಲ. ಪ್ರತಿ ಹೆಣ್ಣೂ ತನ್ನ ಗೂಡನ್ನು ತಾನೇ ಕಟ್ಟುತ್ತದೆ. ಕೈಯಲ್ಲಿ ಹಿಡಿದು ಅದುಮದ ಹೊರತು ಚುಚ್ಚುವುದು ಅಪರೂಪ.

ಇಂಥ ಒಂಟಿ ಜೇನಿಗೆ ಗೂಡು ಕಟ್ಟುವ ಜಾಗವನ್ನು ನೀವೇ ಮಾಡಿಕೊಡಬಹುದು. ಅದಕ್ಕೆ ಅಂತ ಆನ್‌ಲೈನ್‌ನಲ್ಲಿ ಸಿಗುವ ಬಣ್ಣಬಣ್ಣದ ಜೇನು ಹೋಟೆಲ್‌ಗೆ ದುಡ್ಡು ಸುರಿಯಬೇಡಿ. ಅದರಲ್ಲಿ ತುಂಬಿರುವ ಪೈನ್ ಕಾಯಿ, ಮರದ ಸಿಪ್ಪೆ ಎಲ್ಲ ನೋಡೋಕೆ ಚೆಂದ ಅಷ್ಟೇ, ಜೇನಿಗೆ ಉಪಯೋಗವಿಲ್ಲ.

ಬೇಕಾಗಿರುವುದು ಒಣಗಿದ ತೆಳು ಬಿದಿರು. ಔಷಧಿ, ವಾರ್ನಿಷ್ ಸೋಕಿರಬಾರದು. ಒಳಗಿನ ತೂತು 4ರಿಂದ 10 ಮಿಲಿಮೀಟರ್ ಇರಲಿ, ಅಂದರೆ ಕೆಲವು ಪೆನ್ಸಿಲ್‌ಗಿಂತ ಸಣ್ಣ, ಕೆಲವು ತುಸು ದಪ್ಪ. ಗೆಣ್ಣಿನ ಆಚೆ ಬದಿಗೆ ಗರಗಸ ಹಾಕಿ ಕೊಯ್ಯಿರಿ, ಆಗ ಒಂದು ತುದಿ ತಾನಾಗೇ ಮುಚ್ಚಿರುತ್ತದೆ. ತೆರೆದ ಬಾಯಿಯನ್ನು ಉಜ್ಜುಕಾಗದದಿಂದ ನುಣ್ಣಗೆ ಮಾಡಿ. ಸಿಬಿರು ಉಳಿದರೆ ರೆಕ್ಕೆ ಹರಿಯುತ್ತದೆ.

ಉದ್ದದಲ್ಲಿ ಮಾತ್ರ ಜಿಪುಣತನ ಬೇಡ, ಸುಮಾರು 15 ಸೆಂಟಿಮೀಟರ್ ಇರಲಿ. ಕಾರಣ ಇದೆ. ತಾಯಿ ಕೊಳವೆಯ ಕೊನೆಯಿಂದ ಶುರುಮಾಡಿ ಪರಾಗ ಮತ್ತು ಮಕರಂದ ಕಲಸಿದ ಉಂಡೆ ಇಟ್ಟು, ಅದರ ಮೇಲೆ ಒಂದು ಮೊಟ್ಟೆ ಇಟ್ಟು, ಗೋಡೆ ಎಬ್ಬಿಸಿ, ಮತ್ತೆ ಮುಂದಿನ ಕೋಣೆಗೆ ಬರುತ್ತದೆ. ಸಾಮಾನ್ಯವಾಗಿ ಒಳಗಿನ ಕೋಣೆಗಳಲ್ಲಿ ಹೆಣ್ಣು, ಬಾಯಿಯ ಹತ್ತಿರ ಗಂಡು. ಕೊಳವೆ ಗಿಡ್ಡವಾದರೆ ಗಂಡುಗಳೇ ಜಾಸ್ತಿ.

ಇಪ್ಪತ್ತು ಮೂವತ್ತು ಕೊಳವೆಗಳನ್ನು ಬಾಯಿ ಒಂದೇ ಕಡೆ ಬರುವಂತೆ ಹಳೇ ಡಬ್ಬಿಯೊಳಗೆ ಅಲುಗಾಡದಂತೆ ತುರುಕಿ. ಡಬ್ಬಿಯ ಅಂಚು ಎರಡು ಇಂಚು ಮುಂದೆ ಚಾಚಿರಲಿ, ಮಳೆ ತಡೆಯುತ್ತದೆ. ಬಾಯಿ ಸ್ವಲ್ಪ ಕೆಳಗೆ ವಾಲಿರಲಿ. ದೊಡ್ಡದು ಒಂದು ಮಾಡುವ ಬದಲು ಸಣ್ಣವು ಎರಡು ಮೂರು ಮಾಡಿ ಬೇರೆ ಬೇರೆ ಕಡೆ ಇಡಿ. ಒಂದೇ ಕಡೆ ಗೂಡು ಜಾಸ್ತಿಯಾದರೆ ಪರೋಪಜೀವಿಗಳೂ ಅಲ್ಲೇ ಸೇರುತ್ತವೆ.

ಬೆಳಗಿನ ಬಿಸಿಲು ಬೀಳುವ ಗೋಡೆಗೆ, ಎದೆಯೆತ್ತರದಲ್ಲಿ, ಗಟ್ಟಿಯಾಗಿ ಕಟ್ಟಿ. ತೂಗು ಹಾಕಬೇಡಿ, ಗಾಳಿಗೆ ಆಡುವ ಮನೆಯನ್ನು ಜೇನು ಒಪ್ಪುವುದಿಲ್ಲ. ಇರುವೆ ಕಾಟವಿದ್ದರೆ ಕಂಬಕ್ಕೆ ಕಟ್ಟಿ, ಕಂಬದ ಸುತ್ತ ಗ್ರೀಸ್ ಬಳಿಯಿರಿ. ಹತ್ತಿರದಲ್ಲಿ ತುಳಸಿ, ತೊಗರಿ, ಕಾಮಕಸ್ತೂರಿ ಇದ್ದರೆ ಊಟಕ್ಕೂ ಆಯಿತು.

ಹಸಿರು ಚೂರನ್ನು ಹೊಟ್ಟೆಯಡಿ ಮಡಚಿ ಹಿಡಿದುಕೊಂಡು ಜೇನು ಬಂದು, ತೂತಿನ ಮುಂದೆ ಅರೆಕ್ಷಣ ನಿಂತು ಒಳಗೆ ನುಗ್ಗಿದರೆ ಬಾಡಿಗೆದಾರರು ಬಂದರು ಅಂತ ಲೆಕ್ಕ. ಕೆಲವು ಬಾಯಿ ಮಣ್ಣಿನಿಂದ ಮುಚ್ಚಿದ್ದರೆ ಅದು ಕಣಜದ್ದೂ ಇರಬಹುದು. ಇರಲಿ ಬಿಡಿ, ಎಷ್ಟೋ ಕಣಜಗಳು ಮರಿಗೆ ಅಂತ ನಿಮ್ಮ ಗಿಡದ ಹುಳುವನ್ನೇ ಹೊತ್ತೊಯ್ಯುತ್ತವೆ.

ನೀಲಿಪಟ್ಟೆ ಜೇನು ಅಂತ ಇನ್ನೊಂದು ಒಂಟಿ ಜೇನಿದೆ, ಅದಕ್ಕೆ ಬಿದಿರು ಬೇಡ, ಮಣ್ಣೇ ಬೇಕು. ಟೊಮೆಟೊ, ಬದನೆ ಹೂವನ್ನು ಹಿಡಿದು ಗುಂಯ್ ಅಂತ ನಡುಗಿಸಿ ಪರಾಗ ಉದುರಿಸುವುದು ಇದೇ. ಜೇಡಿಮಣ್ಣಿಗೆ ಮರಳು ಬೆರೆಸಿ ಮರದ ಪೆಟ್ಟಿಗೆಯಲ್ಲಿ ಮೆತ್ತಿ, ಹಸಿ ಇರುವಾಗಲೇ ಪೆನ್ಸಿಲ್ ಚುಚ್ಚಿ ಕೆಲವು ಗುಳಿ ಮಾಡಿ. ಒಣಗಿದ ಮೇಲೆ ಉಗುರಿನಿಂದ ಕೆರೆದರೆ ಪುಡಿ ಬರಬೇಕು. ಸಿಮೆಂಟ್ ಬೇಡವೇ ಬೇಡ.

ವರ್ಷ ಎರಡು ವರ್ಷಕ್ಕೊಮ್ಮೆ ಬಿದಿರು ಬದಲಿಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಮುಚ್ಚಿದ ಹಳೇ ಕೊಳವೆಗಳನ್ನು ಎಸೆಯಬೇಡಿ. ರಟ್ಟಿನ ಡಬ್ಬದಲ್ಲಿ ಹಾಕಿ, ಒಂದು ಬದಿಗೆ ಪೆನ್ಸಿಲ್ ಗಾತ್ರದ ತೂತು ಮಾಡಿ, ಮಳೆ ತಾಗದಂತೆ ಹೊಸ ಗೂಡಿನ ಪಕ್ಕ ಇಡಿ. ಮರಿಗಳು ಬೆಳಕು ಹುಡುಕಿಕೊಂಡು ಹೊರಗೆ ಬರುತ್ತವೆ, ಆಮೇಲೆ ಬಿದಿರನ್ನು ಒಲೆಗೆ ಹಾಕಿ.