ಅಟ್ಟ ರೂಮಾಗುವಾಗ ಅದೇ ಮನೆಯಲ್ಲಿ ಇರುವವರಿಗೆ

ಮೆಟ್ಟಿಲಿಗಾಗಿ ಕೆಳಗಿನ ಸೀಲಿಂಗ್ ಒಡೆಯುವ ಕೆಲಸವನ್ನು ಆದಷ್ಟು ಕೊನೆಗೆ ಇಟ್ಟುಕೊಳ್ಳಲು ಹೇಳಿ. ಅಲ್ಲಿಯವರೆಗೆ ಕೆಲಸದವರು ಹೊರಗಿನ ಸಾರುವೆಯಿಂದಲೇ ಹತ್ತಿ ಇಳಿಯಬಹುದು. ಧೂಳು ಜಾಸ್ತಿ ಮೇಲೆಯೇ ಉಳಿಯುತ್ತದೆ. ನಾವು ಇದನ್ನು ಮೊದಲೇ ಕೇಳಲಿಲ್ಲ. ಎರಡೇ ದಿನಕ್ಕೆ ಹಾಸಿಗೆ, ಪುಸ್ತಕ, ಮಡಚಿಟ್ಟ ಬಟ್ಟೆ, ಎಲ್ಲದರ ಮೇಲೂ ಬಿಳಿ ಪುಡಿ. ತುಂಬಾ ಬೇಜಾರಾಯಿತು.

ಒಡೆಯುವ ದಿನ ಬಾಗಿಲುಗಳಿಗೆ ದಪ್ಪ ಪ್ಲಾಸ್ಟಿಕ್ ಶೀಟ್ ಕಟ್ಟಿ, ಅಂಚಿಗೆಲ್ಲ ಟೇಪ್ ಹಾಕಿ. ಆಮೇಲೆ ಒಣ ಪೊರಕೆ ಮುಟ್ಟಲೇಬೇಡಿ. ಸಣ್ಣ ಧೂಳು ಮತ್ತೆ ಗಾಳಿಗೆ ಏಳುತ್ತದೆ ಅಲ್ವಾ, ಒದ್ದೆ ಬಟ್ಟೆಯಲ್ಲೇ ಒರೆಸಿ. ಹೊಗೆ ಅಲಾರಂಗೆ ಹಗಲು ಕವರ್ ಹಾಕಿದ್ದರೆ ಸಂಜೆ ಮರೆಯದೆ ತೆಗೆಯಿರಿ. ಇದು ಪ್ರಾಣದ ವಿಷಯ. ನೀರು, ಕರೆಂಟು ಯಾವಾಗ ನಿಲ್ಲುತ್ತದೆ ಅಂತ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.